ಪರದೇಶದ ಮನೆಗೂ ಉತಾರ ಇರುತ್ತದೆ

ಕೇಳುಗರಿಗೆ ನಮಸ್ಕಾರ.

ನಾನು ಬೆಳಗಾವಿಯಲ್ಲಿ ಜಮೀನು, ಮನೆಗಳ ವ್ಯಾಜ್ಯ ನಡೆಸುವ ವಕೀಲ. ಇವತ್ತು ನನ್ನ ಮಾತು ಮುಖ್ಯವಾಗಿ ಅಪ್ಪ ಅವ್ವಂದಿರ ಜೊತೆ. ಮಗ ದುಬೈನಲ್ಲಿದ್ದಾನೆ, ಇಲ್ಲವೇ ಮಗಳು ಅಳಿಯ ಮೆಲ್ಬರ್ನ್‌ನಲ್ಲಿದ್ದಾರೆ. ಒಂದು ಭಾನುವಾರ ಫೋನ್ ಬರುತ್ತದೆ. "ಅಪ್ಪಾ, ಇಲ್ಲೊಂದು ಫ್ಲ್ಯಾಟ್ ನೋಡೇವಿ. ಸ್ವಲ್ಪ ರೊಕ್ಕ ಕಡಿಮಿ ಬೀಳ್ತದ."

ಅಥಣಿಯಲ್ಲೋ ಹುನಗುಂದದಲ್ಲೋ ಎರಡು ಗುಂಟೆ ಜಾಗ ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಉತಾರ, ಅಂದರೆ ಜಾಗ ಯಾರ ಹೆಸರಲ್ಲಿದೆ ಅಂತ ತೋರಿಸುವ ಸರ್ಕಾರಿ ದಾಖಲೆ, ತೆಗೆಸುತ್ತೀರಿ. ಎನ್‌ಎ ಆಗಿದೆಯಾ, ಅಂದರೆ ಹೊಲದ ಲೆಕ್ಕದಿಂದ ಬಿಡಿಸಿದ್ದಾರಾ ಅಂತ ಕೇಳುತ್ತೀರಿ. ಸೊಸೈಟಿಯ ಸಾಲದ ಬೋಜಾ ಇದೆಯಾ, ಅಕ್ಕ ತಂಗಿಯರ ಸಹಿ ಆಗಿದೆಯಾ ನೋಡುತ್ತೀರಿ. ಬೆಳಗಾವಿ ಶಹರದಲ್ಲಾದರೆ ಸಿಟಿಎಸ್ ಉತಾರ, ಅಂದರೆ ಸಿಟಿ ಸರ್ವೆ ಕಚೇರಿಯ ಉತಾರ, ಕೈಗೆ ಬರುವ ತನಕ ಚಹಾ ಕೂಡ ಕುಡಿಯುವುದಿಲ್ಲ. ಬಾಗಲಕೋಟೆಯವರಿಗಂತೂ ನಾನು ಹೇಳಿಕೊಡಬೇಕಾದ್ದೇ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದಾಗ ಪರಿಹಾರಕ್ಕೆ ಮೊದಲು ಕೇಳಿದ್ದೇ ಕಾಗದ. ಇಷ್ಟು ಹುಷಾರಿರುವ ನಾವು ಪರದೇಶದ ಫ್ಲ್ಯಾಟ್ ಅಂದ ಕೂಡಲೇ ಬಣ್ಣದ ಪುಸ್ತಕ ನೋಡಿ ರೊಕ್ಕ ಕಳಿಸುತ್ತೇವೆ. ಯಾಕೆ?

ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಮಾರುವವನ ಕೈಯಲ್ಲಿರುವ ಕಾಗದ ಬೇಡ, ಕಚೇರಿಯಲ್ಲಿರುವ ದಾಖಲೆ ನೋಡಿ.

ಗೋಕಾಕ ಕಡೆಯ ರೈತರೊಬ್ಬರು ಹೋದ ವರ್ಷ ನನ್ನ ಆಫೀಸಿಗೆ ಬಂದರು. ಒಂದು ಕೈಯಲ್ಲಿ ಕುಂದಾ ಡಬ್ಬಿ, ಇನ್ನೊಂದರಲ್ಲಿ ಸೀರೆ ಅಂಗಡಿಯ ಚೀಲ. ಚೀಲದಲ್ಲಿ ದುಬೈ ಫ್ಲ್ಯಾಟಿನ ಕಾಗದಗಳು. "ಮೊದಲ ಬಾಯಿ ಸಿಹಿ ಮಾಡ್ಕೊರಿ ವಕೀಲ ಸಾಹೇಬ್ರ, ಆಮ್ಯಾಲೆ ಕಾಗದ ನೋಡ್ರಿ" ಅಂದರು. ನಾನು ಡಬ್ಬಿ ಪಕ್ಕಕ್ಕಿಟ್ಟು ಚೀಲಕ್ಕೆ ಕೈ ಹಾಕಿದೆ. ಅವರಿಗೆ ಬೇಜಾರಾಯ್ತು, ಇರಲಿ.

ದಪ್ಪ ಹಾಳೆಯ ಹನ್ನೆರಡು ಪುಟದ ಪುಸ್ತಕ. ಈಜುಕೊಳ ಮೂರು ಪುಟದಲ್ಲಿತ್ತು. ಪ್ರಾಜೆಕ್ಟಿನ ನೋಂದಣಿ ನಂಬರ್ ಒಂದು ಪುಟದಲ್ಲೂ ಇರಲಿಲ್ಲ. ಅದರಡಿ ಒಂದು ಬುಕಿಂಗ್ ಚೀಟಿ. ಮಗ 20 ಸಾವಿರ ದಿರ್ಹಾಮ್ ಕಟ್ಟಿಬಿಟ್ಟಿದ್ದ. ಮೊದಲ ಕಂತಿಗೆ ಅಪ್ಪ ಕಬ್ಬಿನ ಬಿಲ್ಲಿನ ರೊಕ್ಕ ಕಳಿಸಬೇಕಿತ್ತು. ಯಾವ ಖಾತೆಗೆ ಅಂತ ನೋಡಿದೆ. ಕಟ್ಟಡದ ಹೆಸರಿಲ್ಲ, ಬಿಲ್ಡರನ ಹೆಸರೂ ಇಲ್ಲ. ಏಜೆಂಟನ ಸ್ವಂತ ಖಾತೆ!

ದುಬೈನಲ್ಲಿ 2007ರಿಂದ ಇದಕ್ಕೇ ಒಂದು ಕಾನೂನಿದೆ. ಇನ್ನೂ ಕಟ್ಟುತ್ತಿರುವ ಮನೆ ಮಾರಿದರೆ ರೊಕ್ಕ ಎಸ್ಕ್ರೋ ಖಾತೆಗೇ ಹೋಗಬೇಕು. ಎಸ್ಕ್ರೋ ಅಂದರೆ ಆ ಒಂದು ಕಟ್ಟಡಕ್ಕೇ ಮೀಸಲಾದ ಬ್ಯಾಂಕ್ ಖಾತೆ. ಬಿಲ್ಡರ್ ಕೂಡ ಬೇಕಾದ ಹಾಗೆ ಅದಕ್ಕೆ ಕೈ ಹಾಕುವಂತಿಲ್ಲ.

ಮಗನಿಗೆ ವಿಡಿಯೋ ಕಾಲ್ ಮಾಡಿಸಿದೆ. "ಕಾಕಾ, ನಮ್ಮ ಆಫೀಸಿನಾಗ ನಾಲ್ಕು ಮಂದಿ ತಗೊಂಡಾರ್ರಿ" ಅಂದ. ನಾಲ್ವರಲ್ಲಿ ದಾಖಲೆ ನೋಡಿದವರು ಯಾರಪ್ಪಾ ಅಂತ ಕೇಳಿದೆ. ಹುಡುಗ ಸುಮ್ಮನಾದ. ದುಬೈ ಭೂ ಇಲಾಖೆಯದೇ 'ದುಬೈ ರೆಸ್ಟ್' ಅನ್ನುವ ಆ್ಯಪ್ ಇದೆ, ಪ್ರಾಜೆಕ್ಟ್ ಹುಡುಕು ಅಂದೆ. ಹುಡುಕಿದ. ಪ್ರಾಜೆಕ್ಟ್ ಇತ್ತು. ಅಪ್ಪನ ಮುಖ ಅರಳಿತು, ಕುಂದಾ ಡಬ್ಬಿ ಮತ್ತೆ ನನ್ನ ಕಡೆ ಸರಿಯಿತು. ತಡೀರಿ ಅಂದೆ. ಮರುದಿನ ಹುಡುಗ ಬಿಲ್ಡರನ ಕಚೇರಿಗೇ ಹೋದ. ಎಸ್ಕ್ರೋ ಖಾತೆಯ ನಂಬರ್ ಬೇರೆಯೇ ಇತ್ತು. ಆ ಫ್ಲ್ಯಾಟನ್ನು ಆ ಏಜೆಂಟನಿಗೆ ಮಾರಲು ಕೊಟ್ಟೇ ಇಲ್ಲ ಅಂದರಂತೆ. ಏಜೆಂಟನ್ನ ಕೇಳಿದರೆ, "ನಮ್ಮ ಖಾತೆಗೆ ಹಾಕಿದರೆ ಕೆಲಸ ಬೇಗ ಆಗುತ್ತೆ" ಅಂದನಂತೆ. ಬೇಗ ಆಗಿದ್ದು ಹೌದು, 20 ಸಾವಿರ ಬೇಗ ಹೋಯ್ತು. ಕಬ್ಬಿನ ಬಿಲ್ ಉಳಿಯಿತು.

ನೋಡಿ, ಪ್ರಾಜೆಕ್ಟ್ ನಿಜ, ಬಿಲ್ಡರ್ ನಿಜ, ಕಾಗದ ಮಾತ್ರ ಸುಳ್ಳು. ಅದಕ್ಕೇ ಮತ್ತೆ ಹೇಳುತ್ತೇನೆ, ಮಾರುವವನ ಕಾಗದ ಬೇಡ, ಕಚೇರಿಯ ದಾಖಲೆ ನೋಡಿ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಬೇಗ ಹೇಳುತ್ತೇನೆ. ದುಬೈನಲ್ಲಿ ಪರದೇಶದವರು ಎಲ್ಲಾ ಕಡೆ ಮಾಲೀಕರಾಗುವಂತಿಲ್ಲ, ಸರ್ಕಾರ ಗುರುತು ಮಾಡಿದ ಪ್ರದೇಶಗಳಲ್ಲಿ ಮಾತ್ರ. 99 ವರ್ಷದ ಲೀಸ್ ಅಂತ ಸಣ್ಣ ಅಕ್ಷರದಲ್ಲಿದ್ದರೆ ಅದು ಮಾಲೀಕತ್ವ ಅಲ್ಲ. ಕಟ್ಟಿ ಮುಗಿದ ಮನೆಯಾದರೆ ಸಾಲ ಇದೆಯಾ ನೋಡಿ, ಬಿಲ್ಡರನಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ಕೇಳಿ. ಥಾಯ್ಲೆಂಡಿನಲ್ಲಿ ನಮ್ಮಂಥವರ ಹೆಸರಿಗೆ ನೆಲ ಆಗುವುದಿಲ್ಲ, ಫ್ಲ್ಯಾಟ್ ಆಗುತ್ತದೆ, ಅದೂ ಕಟ್ಟಡದಲ್ಲಿ ಪರದೇಶದವರೆಲ್ಲರ ಪಾಲು ಸೇರಿ ನೂರಕ್ಕೆ 49 ದಾಟದ ಹಾಗೆ. ಆಸ್ಟ್ರೇಲಿಯಾದಲ್ಲಿ 2025ರ ಏಪ್ರಿಲ್‌ನಿಂದ 2027ರ ಮಾರ್ಚ್ ತನಕ ಕೆಲವು ವಿನಾಯಿತಿ ಬಿಟ್ಟರೆ ಪರದೇಶದವರು ಹಳೇ ಮನೆ ಕೊಳ್ಳುವಂತಿಲ್ಲ. ಅಳಿಯ ಪರದೇಶದವರ ಲೆಕ್ಕಕ್ಕೆ ಬರುತ್ತಾನಾ ಅಂತ ತಿಳಿಯಲು ಮೆಲ್ಬರ್ನ್ ಅಳಿಯನ ವೀಸಾ ಯಾವುದು ಅಂತ ಮೊದಲು ಕೇಳಿ. ಅಲ್ಲಿಯದೇ ಒಬ್ಬ ವಕೀಲನನ್ನು ನೀವೇ ಹುಡುಕಿ, ಏಜೆಂಟ್ ಹೇಳಿದವನು ಬೇಡ.

ಇಲ್ಲಿಂದ ರೊಕ್ಕ ಕಳಿಸುವುದಿದ್ದರೆ ಬ್ಯಾಂಕಿನಿಂದಲೇ ಕಳಿಸಿ. ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಅವಕಾಶವಿದೆ. ಬ್ಯಾಂಕ್ ಬಿಟ್ಟು ಕದ್ದುಮುಚ್ಚಿ ಹುಂಡಿ ಗಿಂಡಿ ಅಂತ ಹೋದರೆ ನನ್ನ ಹತ್ತಿರ ಬರಬೇಡಿ, ನಾನು ಕ್ರಿಮಿನಲ್ ಕೇಸು ತೆಗೆದುಕೊಳ್ಳುವುದಿಲ್ಲ.

ಆ ಗೋಕಾಕದವರು ಮೊನ್ನೆ ಮತ್ತೆ ಬಂದಿದ್ದರು. ಮಗ ಇನ್ನೊಂದು ಫ್ಲ್ಯಾಟ್ ನೋಡಿದ್ದಾನಂತೆ. ಈ ಸಲ ಡಬ್ಬಿ ಇರಲಿಲ್ಲ. ಅಂಗಿ ಕಿಸೆಯಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮೇಲೆ ಪ್ರಾಜೆಕ್ಟ್ ನಂಬರ್, ಕೆಳಗೆ ಎಸ್ಕ್ರೋ ನಂಬರ್. "ಕುಂದಾ ರಿಜಿಸ್ಟರ್ ಆದ ಮ್ಯಾಲೆರಿ" ಅಂದರು.

ನಮಸ್ಕಾರ.