ಘಟ್ಟದ ಇಳಿಜಾರು, ವೈರಿನ ಬ್ರೇಕು

ಇದು ಕುಮಾರಸ್ವಾಮಿ ದೇವಸ್ಥಾನದಿಂದ ಸಂಡೂರಿಗೆ ಇಳಿಯುವ ದಾರಿ. ಪಕ್ಕದಲ್ಲಿ ಕುಳಿತವರು ನನ್ನ ಸೋದರಮಾವ, ಅದಿರು ಲಾರಿ ಓಡಿಸಿ ನಿವೃತ್ತರಾದವರು. ಕಾರು ಗೆಳೆಯನದು, ಎಲೆಕ್ಟ್ರಿಕ್. ಪೆಡಲಿಗೂ ಚಕ್ರಕ್ಕೂ ನಡುವೆ ವೈರು ಇದೆ ಎಂದು ಹೇಳಿದ್ದೇ ತಪ್ಪಾಯಿತು. ಅವರ ಬಲಗಾಲನ್ನು ನೋಡಿ, ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಲೇ ಇದೆ.

“ವೈರು ನಂಬಿ ಘಟ್ಟ ಇಳಿಯುತ್ತೀಯೇನೋ ತಮ್ಮಾ?”

ಹಳೆಯ ಕಾರಿನಲ್ಲಿ ಕಾಲಿನ ಒತ್ತಡ ಬ್ರೇಕ್ ಆಯಿಲ್ ಮೂಲಕ ಚಕ್ರ ಮುಟ್ಟುತ್ತದೆ. ಎಂಜಿನ್ನಿನ ನಿರ್ವಾತ ಅದಕ್ಕೆ ಬಲ ಕೂಡಿಸುತ್ತದೆ. ಇಲ್ಲಿ ಎಂಜಿನ್ನೇ ಇಲ್ಲ. ಪೆಡಲ್ ಎಷ್ಟು ಇಳಿಯಿತೆಂದು ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಮೋಟಾರೊಂದು ಆಯಿಲನ್ನು ಒತ್ತುತ್ತದೆ. ಕಾಲಿಗೆ ಸಿಗುವ ಬಿಗಿ ಬರೀ ಸ್ಪ್ರಿಂಗಿನ ನಟನೆ.

ಈ ನಟನೆ ಸುಮ್ಮನೆ ಅಲ್ಲ. ವೇಗ ತಗ್ಗಿಸುವಾಗ ಕಾರಿನ ಮೋಟಾರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ. ಬ್ಯಾಟರಿ ತುಂಬಿದ್ದರೆ ಅದಕ್ಕೆ ಹೆಚ್ಚು ಹಿಡಿಯಲಾಗದು, ಆಗ ಚಕ್ರವನ್ನು ಉಜ್ಜಿ ನಿಲ್ಲಿಸುವ ಬ್ರೇಕ್ ಪ್ಯಾಡುಗಳು ಆ ಪಾಲನ್ನು ಹೊರಬೇಕು. ಈ ಅದಲುಬದಲು ನಡೆಯುತ್ತಲೇ ಇದ್ದರೂ ಕಾಲಿಗೆ ತಿಳಿಯಬಾರದು.

“ಮಾವ, ನಿಮ್ಮ ಲಾರಿಯಲ್ಲಿ ಕಾಲು ಚಕ್ರ ಹಿಡಿಯುತ್ತಿತ್ತೇ?”

“ಗಾಳಿ ಹಿಡಿಯುತ್ತಿತ್ತು. ಕಾಲು ವಾಲ್ವ್ ತೆರೆಯುತ್ತಿತ್ತು, ಅಷ್ಟೇ.”

“ಗಾಳಿ ಸೋರಿದರೆ?”

“ಸ್ಪ್ರಿಂಗು ಹಿಂದಿನ ಚಕ್ರ ಕಚ್ಚುತ್ತಿತ್ತು. ನಿನ್ನದರಲ್ಲಿ ಕರೆಂಟು ಹೋದರೆ?”

ಸರಿಯಾದ ಪ್ರಶ್ನೆ. ಇಂತಹ ಕಾರುಗಳಲ್ಲಿ ಆಯಿಲಿನ ಹಳೆಯ ದಾರಿಯನ್ನು ಕಾಯ್ದಿರಿಸಿರುತ್ತಾರೆ. ವಿದ್ಯುತ್ ಕೈಕೊಟ್ಟರೆ ವಾಲ್ವ್ ತೆರೆದು ಕಾಲಿನ ಒತ್ತಡ ನೇರವಾಗಿ ಹೋಗುತ್ತದೆ. ಆದರೆ ಪೆಡಲ್ ಕಲ್ಲಾಗುತ್ತದೆ, ಕಾರು ನಿಲ್ಲಲು ಹೆಚ್ಚು ದೂರ ಬೇಕು. ಮರ್ಸಿಡಿಸ್ 2001ರಲ್ಲೇ ಇಂಥ ವ್ಯವಸ್ಥೆಯನ್ನು ಮಾರಾಟಕ್ಕೆ ತಂದಿತ್ತು. 2004ರಲ್ಲಿ ಸುಮಾರು 6,80,000 ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಸಿತು, ಮುಂದೆ ಆ ವ್ಯವಸ್ಥೆಯನ್ನೇ ಕೈಬಿಟ್ಟಿತು. ಮಾವನಿಗೆ ಇದನ್ನು ಘಟ್ಟ ಇಳಿದ ಮೇಲೆ ಹೇಳಿದೆ, ಜಾಣತನವೆಂದೇ ನನ್ನ ಭಾವನೆ. ಆಯಿಲೇ ಇಲ್ಲದೆ, ಪ್ರತಿ ಚಕ್ರದ ಬಳಿ ಮೋಟಾರಿಟ್ಟು ಪ್ಯಾಡು ಒತ್ತುವ ಬಗೆಯೂ ಇದೆ. ಅಲ್ಲಿ ಹಳೆಯ ದಾರಿ ಉಳಿಯುವುದಿಲ್ಲ, ವಿದ್ಯುತ್ತಿಗೇ ಎರಡು ಪ್ರತ್ಯೇಕ ಮೂಲ ಬೇಕು. ಆ ಕಾರಿಗೆ ಮಾವ ಹತ್ತುವುದು ಅನುಮಾನ.

ಸಂಡೂರಿನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಘಟ್ಟ ಇಳಿದ ಕೂಡಲೇ ಚಕ್ರದ ಬಳಿ ಕೈಯೊಡ್ಡಿ ಬಿಸಿ ನೋಡುವುದು, ಲೈನರ್ ಸುಟ್ಟ ವಾಸನೆ ಹಿಡಿಯುವುದು ಲಾರಿಯವರ ರೂಢಿ. ಮಾವ ನಾಲ್ಕೂ ಚಕ್ರ ಸುತ್ತಿ ಬಂದರು.

“ಬಿಸಿಯೇ ಆಗಿಲ್ಲವಲ್ಲೋ. ನೀನು ಬ್ರೇಕು ಹಾಕಿದೆಯೋ ಇಲ್ಲವೋ?”