ಲ್ಯಾಬಿಗೆ ಮದ್ದಳೆ, ರಂಗಕ್ಕೆ ವಿಜ್ಞಾನ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸ)

ಅಧ್ಯಾಪಕ ಮಿತ್ರರೇ, ರಕ್ಷಕರೇ, ಎದುರಿಗೆ ಕುಳಿತಿರುವ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಶಾಲೆ ತೆರೆದು ಕೆಲವೇ ದಿನ ಆಗಿದೆ. ಇನ್ನು ನಾಲ್ಕು ತಿಂಗಳಲ್ಲಿ ಉಪಜಿಲ್ಲಾ ಶಾಸ್ತ್ರೋತ್ಸವ, ಅಂದರೆ ವಿಜ್ಞಾನ ಮೇಳ, ಬರುತ್ತದೆ. ಅದರ ಬೆನ್ನಿಗೇ ಕಲೋತ್ಸವ. ಒಂದಕ್ಕೆ ವರ್ಕಿಂಗ್ ಮಾಡೆಲ್, ಸ್ಟಿಲ್ ಮಾಡೆಲ್ ಮಾಡುವ ಮಕ್ಕಳನ್ನು ಆರಿಸುತ್ತೇವೆ. ಇನ್ನೊಂದಕ್ಕೆ ಯಕ್ಷಗಾನ, ನಾಟಕ, ಕನ್ನಡ ಪದ್ಯ, ಭಾಷಣದ ಮಕ್ಕಳನ್ನು ಆರಿಸುತ್ತೇವೆ. ಎಂಟನೇ ತರಗತಿಗೆ ಬರುವಾಗಲೇ ಒಬ್ಬ ಹುಡುಗ "ಸಯನ್ಸಿನವ", ಒಬ್ಬಳು ಹುಡುಗಿ "ಕುಣಿಯುವವಳು" ಅಂತ ಆಗಿಬಿಟ್ಟಿರುತ್ತದೆ. ಆಮೇಲೆ ಆ ಹೆಸರು ಅಳಿಸುವುದು ಕಷ್ಟ. ಈ ಎರಡು ಗುಂಪುಗಳನ್ನು ಒಂದು ಮಾಡಿ ಎಂದು ಕೇಳಲಿಕ್ಕೆ ನಾನು ಬಂದಿದ್ದೇನೆ. ಮಕ್ಕಳಿಗೆ ಅದರಿಂದ ಬರುವ ಲಾಭ ದೊಡ್ಡದು. ಕನ್ನಡದಲ್ಲಿ ವಿಜ್ಞಾನ ಕಲಿಯುವ ಗಡಿನಾಡಿನ ಮಕ್ಕಳಿಗಂತೂ ಇನ್ನೂ ದೊಡ್ಡದು.

ನಮ್ಮ ಜಿಲ್ಲೆಗೆ 2019 ಒಂದು ವಿಶೇಷ ವರ್ಷ. ಆ ವರ್ಷದ ರಾಜ್ಯ ಶಾಲಾ ಕಲೋತ್ಸವ ಕಾಞಂಗಾಡಿನಲ್ಲಿ ನಡೆಯಿತು. 1957ರಲ್ಲಿ ಎರ್ನಾಕುಳಂನಲ್ಲಿ ಶುರುವಾದ ಉತ್ಸವದ 60ನೇ ಕೂಟ ಅದು. ಡಿಸೆಂಬರ್ 1ಕ್ಕೆ ಮುಗಿಯಿತು. ಅದೇ ತಿಂಗಳ 26ಕ್ಕೆ, ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಇರುವ ಚೆರುವತ್ತೂರಿನಲ್ಲಿ ಜನ ಸೇರಿದರು. ಕಂಕಣ ಸೂರ್ಯಗ್ರಹಣ ನೋಡಲಿಕ್ಕೆ. ಒಂದೇ ತಿಂಗಳಲ್ಲಿ, ಒಂದೇ ತಾಲೂಕಿನಲ್ಲಿ, ದೇಶವೇ ತಿರುಗಿ ನೋಡುವಂಥ ಎರಡು ಘಟನೆ. ಕಲೋತ್ಸವಕ್ಕೆ ಇಡೀ ಜಿಲ್ಲೆ ಮೈದಾನಕ್ಕೆ ಇಳಿಯಿತು. ಗ್ರಹಣದ ಬೆಳಿಗ್ಗೆ ಮಾತ್ರ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಬಾಗಿಲು ಹಾಕಿ ಒಳಗೆ ಕೂರಿಸಿದ್ದರು. ಅಂಗಳದ ಮರದ ನೆರಳಿಗೆ ಬಂದಿದ್ದರೆ ಸಾಕಿತ್ತು. ಎಲೆಗಳ ಸಂದಿಯಿಂದ ಬಿದ್ದ ಬೆಳಕೇ ನೆಲದ ತುಂಬಾ ಸಣ್ಣ ಸಣ್ಣ ಬಳೆಗಳ ಹಾಗೆ ಮೂಡುತ್ತಿತ್ತು. ಕನ್ನಡಕವೂ ಬೇಡ, ದುಡ್ಡೂ ಬೇಡ. ಆ ಮಕ್ಕಳು ಕಳೆದುಕೊಂಡದ್ದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ.

ಈಗ ಯಕ್ಷಗಾನದ ಹಿಮ್ಮೇಳದಲ್ಲಿ ನುಡಿಸುವ ಮದ್ದಳೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಪ್ರತಿವರ್ಷ ಫೆಬ್ರವರಿ 28ಕ್ಕೆ ನಾವು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೇವೆ. 1928ರ ಆ ದಿನ ಸಿ. ವಿ. ರಾಮನ್ ಬೆಳಕಿನ ಚದುರುವಿಕೆಯ ಬಗ್ಗೆ ತಮ್ಮ ಶೋಧವನ್ನು ತಿಳಿಸಿದರು. 1930ರಲ್ಲಿ ನೊಬೆಲ್ ಬಂತು. ಇಷ್ಟನ್ನು ಎಲ್ಲ ಶಾಲೆಯಲ್ಲೂ ಹೇಳುತ್ತಾರೆ. ಆದರೆ ಅದಕ್ಕೂ ಮೊದಲು, 1920ರಲ್ಲೇ, ರಾಮನ್ ಮೃದಂಗ ಮತ್ತು ತಬಲಾದ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. 1934ರಲ್ಲಿ ಅದೇ ವಿಷಯಕ್ಕೆ ಮತ್ತೆ ಬಂದು ಇನ್ನಷ್ಟು ವಿವರವಾಗಿ ಬರೆದರು. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಬಡಿದಾಗ ಅದು ಎಲ್ಲಿ ಸಾಲು ಕಟ್ಟುತ್ತದೆ ಎಂದು ನೋಡಿದರು. ಎಲ್ಲಿ ಚರ್ಮ ಅಲುಗುವುದಿಲ್ಲವೋ ಅಲ್ಲಿ ಮರಳು ನಿಲ್ಲುತ್ತದೆ.

ಅವರು ಕಂಡುಕೊಂಡದ್ದು ಏನು? ಬರೀ ಚರ್ಮ ಬಿಗಿದ ದುಂಡು ವಾದ್ಯವನ್ನು ಬಡಿದರೆ ಮೂಲ ಸ್ವರದ ಜೊತೆಗೆ ಬೇರೆ ಕಂಪನಗಳೂ ಏಳುತ್ತವೆ. ಮೂಲವನ್ನು 1 ಅಂತ ಇಟ್ಟುಕೊಂಡರೆ ಉಳಿದವು ಸುಮಾರು 1.59, 2.14, 2.30 ಹೀಗೆ ಬರುತ್ತವೆ. ಈ ಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹಾಗಾಗಿ ಸದ್ದು ಬರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಆದರೆ ಚರ್ಮದ ನಡುವೆ ಕಪ್ಪು ಕರಣೆ, ಅಂದರೆ ಗಟ್ಟಿ ಲೇಪ, ಹಾಕಿದರೆ ನಡುಭಾಗ ಭಾರವಾಗುತ್ತದೆ. ಆಗ ಈ ಕಂಪನಗಳು 1, 2, 3, 4, 5 ಎಂಬ ಸರಿ ಲೆಕ್ಕಕ್ಕೆ ಹತ್ತಿರ ಬರುತ್ತವೆ. ಕಿವಿಗೆ ಸ್ವರ ಸಿಗುತ್ತದೆ. ನಮ್ಮ ಮದ್ದಳೆಯನ್ನು ಹಾಡುವ ಭಾಗವತರ ಶ್ರುತಿಗೆ ಸೇರಿಸಲಿಕ್ಕೆ ಆಗುವುದು ಇದರಿಂದಲೇ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಚೆಂಡೆಗೆ ಕರಣೆ ಇಲ್ಲ. ಅದರ ಅಬ್ಬರವೇ ಬೇರೆ, ಕೆಲಸವೇ ಬೇರೆ. ಕರಣೆ ಹಾಕುವ ವಿದ್ಯೆ ಕಂಡುಹಿಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಸಮೀಕರಣ ಬರೆದವರಲ್ಲ. ಆದರೆ ಹಚ್ಚಿ, ಬಡಿದು, ಕೇಳಿ, ಕೆರೆದು, ಮತ್ತೆ ಹಚ್ಚಿ ನೋಡಿದವರು. ಅದು ಪ್ರಯೋಗವೇ ಅಲ್ವಾ?

ಈಗ ಮಳೆಗಾಲ. ಮದ್ದಳೆ ಇಟ್ಟುಕೊಂಡಿರುವ ಮಕ್ಕಳು ಗಮನಿಸಿ. ಚರ್ಮ ತೇವ ಹೀರುತ್ತದೆ, ಬಿಗಿ ಸಡಿಲುತ್ತದೆ, ಸ್ವರ ಇಳಿಯುತ್ತದೆ. ದಿನಾ ಒಂದೇ ಹೊತ್ತಿಗೆ ಒಂದೇ ಪೆಟ್ಟು ಹೊಡೆದು ಮೊಬೈಲಿನ ಟ್ಯೂನರ್‌ನಲ್ಲಿ ಸ್ವರ ಅಳೆಯಿರಿ. ಪಕ್ಕದಲ್ಲಿ ಗಾಳಿಯ ತೇವಾಂಶ ಬರೆದಿಡಿ. ಜೂನ್‌ನಿಂದ ಡಿಸೆಂಬರ್‌ವರೆಗೆ ಗ್ರಾಫ್ ಎಳೆದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್. ಥರ್ಮಾಕೋಲಿನ ಜ್ವಾಲಾಮುಖಿಗಿಂತ ನೂರು ಪಾಲು ಮೇಲು. ಆ ಜ್ವಾಲಾಮುಖಿಯನ್ನು ಪೇಟೆಯಿಂದ ತಂದುಕೊಡುವ ರಕ್ಷಕರಲ್ಲಿ ಕೈಮುಗಿದು ಕೇಳುತ್ತೇನೆ, ದಯವಿಟ್ಟು ನಿಲ್ಲಿಸಿ.

ವೇಷ ಕಟ್ಟುವ ಚೌಕಿಯಲ್ಲೂ ಪಾಠ ಇದೆ. ಹಿಂದೆ ಮುಖಕ್ಕೆ ಹಚ್ಚುತ್ತಿದ್ದ ಹಳದಿ ಅರದಾಳ ಅಂದರೆ ಆರ್ಸೆನಿಕ್ ಮತ್ತು ಗಂಧಕ ಸೇರಿದ ಖನಿಜ. ಕೆಂಪು ಇಂಗಳೀಕ ಅಂದರೆ ಪಾದರಸ ಮತ್ತು ಗಂಧಕ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಮುಳ್ಳಿನ ಹಾಗೆ ಇಡುವ ಚುಟ್ಟಿಗೆ ಅಕ್ಕಿ ಹಿಟ್ಟು ಮತ್ತು ಸುಣ್ಣ. ಆವರ್ತ ಕೋಷ್ಟಕದ ಅರ್ಧ ಪಾಠವನ್ನು ಕನ್ನಡಿಯ ಮುಂದೆ ಕುಳಿತೇ ಮಾಡಬಹುದು. ಸುರಕ್ಷತೆಯ ಪಾಠವೂ ಜೊತೆಗೆ ಬರಬೇಕು. ಮಗುವಿನ ಮುಖಕ್ಕೆ ಏನು ಹಚ್ಚುತ್ತಿದ್ದೇವೆ, ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಕೇಳುವ ಅಭ್ಯಾಸ ನಮಗೆ ಇನ್ನೂ ಬಂದಿಲ್ಲ. ಇನ್ನು ಬೆಳಕು. ದೊಂದಿಯ ಬೆಳಕಿನಲ್ಲಿ ಕೆಂಪು, ಹಳದಿ ಜಾಸ್ತಿ. ನೀಲಿ ಕಡಿಮೆ. ಆ ಬೆಳಕಿಗೆ ಹೊಂದಿದ ಬಣ್ಣಗಾರಿಕೆ ಇವತ್ತಿನ ಬಿಳಿ ಎಲ್‌ಇಡಿಯಲ್ಲಿ ಬೇರೆಯೇ ಕಾಣುತ್ತದೆ. ಕೆಂಪು ಬಟ್ಟೆ ಉಟ್ಟ ವೇಷಕ್ಕೆ ಹಸಿರು ಬೆಳಕು ಬಿಟ್ಟು ನೋಡಿ, ಕಪ್ಪಾಗುತ್ತದೆ. ಬೆಳಕಿನ ಪಾಠ ಮಾಡುವ ಟೀಚರ್ ಒಮ್ಮೆ ಮಕ್ಕಳನ್ನು ರಂಗದ ಮೇಲೆ ಕರೆದುಕೊಂಡು ಹೋಗಿ ಇದನ್ನು ತೋರಿಸಲಿ.

ಇಷ್ಟು ಹೊತ್ತು ಕಲೆಯೊಳಗಿನ ವಿಜ್ಞಾನ ಹೇಳಿದೆ. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ವಿಜ್ಞಾನವನ್ನು ರಂಗಕ್ಕೆ ತರುವುದು.

ಇದು ಹೊಸದೇನಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಲ್ಲಿ ಹುಟ್ಟಿತು. 1980ರಿಂದ ಅದರ ಶಾಸ್ತ್ರ ಕಲಾ ಜಾಥಾ ಊರೂರು ತಿರುಗಿತು. ಹಾಡು, ಬೀದಿ ನಾಟಕದ ಮೂಲಕ ವಿಜ್ಞಾನ ಹೇಳಿತು. ಗಡಿಯ ಆಚೆ ಶಿವರಾಮ ಕಾರಂತರು ಮಕ್ಕಳಿಗಾಗಿ ವಿಜ್ಞಾನ ಬರೆದರು, ಅದೇ ಜೀವಮಾನದಲ್ಲಿ ಯಕ್ಷಗಾನಕ್ಕಾಗಿ ದುಡಿದರು. ಶಾಸ್ತ್ರೋತ್ಸವದಲ್ಲೇ ವಿಜ್ಞಾನ ನಾಟಕ ಸ್ಪರ್ಧೆ ಇದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ದಕ್ಷಿಣದ ರಾಜ್ಯಗಳ ಶಾಲೆಗಳಿಗೆ ವಿಜ್ಞಾನ ನಾಟಕೋತ್ಸವ ನಡೆಸುತ್ತದೆ. ಆದರೆ ಈ ನಾಟಕಗಳಲ್ಲಿ ನಾನು ನೋಡಿದ ಹೆಚ್ಚಿನವು ಒಬ್ಬ ವಿಜ್ಞಾನಿಯ ಕಷ್ಟದ ಕತೆ. ವಿಜ್ಞಾನಿ ಅಳುತ್ತಾನೆ, ಊರವರು ಬೈಯುತ್ತಾರೆ, ಕೊನೆಗೆ ಪ್ರಶಸ್ತಿ ಬರುತ್ತದೆ, ಪರದೆ ಬೀಳುತ್ತದೆ. ಅವನಿಗೆ ಆ ವಿಷಯ ಹೇಗೆ ಗೊತ್ತಾಯಿತು ಎನ್ನುವುದು ಒಂದು ಸಾಲೂ ಇರುವುದಿಲ್ಲ.

ನಮ್ಮ ಹತ್ತಿರ ಇದಕ್ಕೆ ಹೇಳಿ ಮಾಡಿಸಿದ ಒಂದು ಪ್ರಕಾರ ಇದೆ, ತಾಳಮದ್ದಳೆ. ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ವೇಷ ಬೇಡ, ಬಾಡಿಗೆ ಬೇಡ. ಎದುರಾಳಿ ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಬೇಕು. ಬಾಯಿಪಾಠ ಮಾಡಿದ್ದು ಎರಡನೇ ಪ್ರಶ್ನೆಗೇ ಖಾಲಿಯಾಗುತ್ತದೆ. ಎದುರು ಪಕ್ಷದ ಪಾತ್ರ ಸಿಕ್ಕಿದರೂ ಅದನ್ನು ಪೂರ್ತಿ ಶಕ್ತಿಯಿಂದ ಸಮರ್ಥಿಸಬೇಕು. ತಾಳಮದ್ದಳೆಯ ದೊಡ್ಡ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಮಣ್ಣಿನವರೇ. ಅವರ ವಾಲಿಯನ್ನು, ರಾವಣನನ್ನು ಕೇಳಿದ ಹಿರಿಯರು ಇಲ್ಲೂ ಇದ್ದೀರಿ. ವಾಲಿಯ ಮಾತು ಕೇಳಿ, ಹೌದಲ್ಲ, ರಾಮನಿಗೆ ಈಗ ಉತ್ತರ ಏನು ಅಂತ ನೀವೇ ಯೋಚಿಸಿದ್ದೀರಿ. ಒಂದು ವಾದವನ್ನು ಬಿಡುವ ಮೊದಲು ಅದರ ಪೂರ್ತಿ ಬಲ ತಿಳಿಯುವುದು ವಿಜ್ಞಾನಕ್ಕೂ ಬೇಕು.

ಒಂದು ಪ್ರಸಂಗ ಹೇಳುತ್ತೇನೆ. ಆರ್ಯಭಟ ಹುಟ್ಟಿದ್ದು 476ರಲ್ಲಿ. ಭೂಮಿ ತನ್ನ ಸುತ್ತ ತಿರುಗುತ್ತದೆ ಎಂದ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮರಗಳು ಹಿಂದೆ ಹೋದಂತೆ ಕಾಣುತ್ತವೆ, ನಕ್ಷತ್ರಗಳ ಓಟವೂ ಹಾಗೆಯೇ ಎಂದ. ಬ್ರಹ್ಮಗುಪ್ತ ಹುಟ್ಟಿದ್ದು 598ರಲ್ಲಿ. ದೊಡ್ಡ ಗಣಿತಜ್ಞ. ಅವನು ಇದನ್ನು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಎತ್ತರದ ವಸ್ತುಗಳು ಯಾಕೆ ಬೀಳುವುದಿಲ್ಲ ಎಂದು ಕೇಳಿದ. ಇಬ್ಬರೂ ಮುಖಾಮುಖಿ ಆಗುವ ಅವಕಾಶ ಇರಲಿಲ್ಲ, ನಡುವೆ ನೂರು ವರ್ಷಕ್ಕೂ ಜಾಸ್ತಿ ಅಂತರ. ತಾಳಮದ್ದಳೆಯಲ್ಲಿ ಆಗಬಹುದು. ಒಂಬತ್ತನೇ ತರಗತಿಯ ಒಬ್ಬಳು ಬ್ರಹ್ಮಗುಪ್ತನಾಗಿ ಕೇಳಲಿ: "ನೀನು ಹೇಳಿದ ಲೆಕ್ಕದಲ್ಲಿ ಈ ಕಾಸರಗೋಡು ಗಂಟೆಗೆ 1,600 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಪೂರ್ವಕ್ಕೆ ಓಡಬೇಕು. ಹಾಗಾದರೆ ಬೇಕಲ ಕೋಟೆಯ ಮೇಲಿಂದ ಬಿಟ್ಟ ಕಲ್ಲು ನೇರ ಕೆಳಗೆ ಯಾಕೆ ಬೀಳುತ್ತದೆ? ಪಶ್ಚಿಮಕ್ಕೆ, ಸಮುದ್ರಕ್ಕೆ ಹೋಗಿ ಬೀಳಬೇಕಲ್ಲ?" ಆರ್ಯಭಟನಾದವನು ಇದಕ್ಕೆ ಉತ್ತರ ಹುಡುಕಬೇಕು. ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ನಾಣ್ಯ ಮೇಲಕ್ಕೆ ಚಿಮ್ಮಿಸಿದರೆ ಅದು ಮತ್ತೆ ಕೈಗೇ ಬೀಳುತ್ತದೆ ಎನ್ನುವಲ್ಲಿಗೆ ಅವನು ತಾನಾಗಿ ಬರಬೇಕು. ಆಗ ಜಡತ್ವದ ಪಾಠ ಅವನ ಸ್ವಂತದ್ದಾಗುತ್ತದೆ. ಪುಸ್ತಕದ ವ್ಯಾಖ್ಯೆಯನ್ನು ಪರೀಕ್ಷೆಗೆ ಬರೆದು ಮರೆಯುವ ಮಗು ಬೇರೆ. ನೂರು ಜನರ ಎದುರು, ತನ್ನ ಕನ್ನಡದಲ್ಲಿ, ಅದನ್ನು ವಾದ ಮಾಡಿ ಗೆಲ್ಲುವ ಮಗು ಬೇರೆ. ನಮ್ಮ ಮಕ್ಕಳಿಗೆ ವಿಜ್ಞಾನವನ್ನು ಕನ್ನಡದಲ್ಲಿ ಬಾಯಿಬಿಟ್ಟು ಮಾತಾಡುವ ಜಾಗ ಇಲ್ಲ. ತರಗತಿಯಲ್ಲಿ ಕೇಳುತ್ತಾರೆ, ನೋಟ್ಸಿನಲ್ಲಿ ಬರೆಯುತ್ತಾರೆ, ಅಷ್ಟೆ. ಮಾತಾಡದ ವಿಷಯ ನಮ್ಮದಾಗುವುದಿಲ್ಲ.

ಈ ಪ್ರಸಂಗಕ್ಕೆ ಪದ್ಯ ಬರೆಯುವ ಕೆಲಸ ಕನ್ನಡ ಟೀಚರಿಗೆ. ಭಾಮಿನಿ ಷಟ್ಪದಿಯನ್ನೇ ಹಿಡಿದರೆ ಗಣಿತ ತಾನಾಗಿ ಬರುತ್ತದೆ. ಸಣ್ಣ ಸಾಲಿಗೆ 14 ಮಾತ್ರೆ, ಮೂರನೇ ಮತ್ತು ಆರನೇ ಸಾಲಿಗೆ 23, ಒಟ್ಟು 102. ಈಗ ಮಕ್ಕಳಿಗೆ ಒಂದು ಪ್ರಶ್ನೆ ಕೊಡಿ. ಲಘು ಒಂದು ಮಾತ್ರೆ, ಗುರು ಎರಡು. ಮೂರು ಮಾತ್ರೆಯನ್ನು ಎಷ್ಟು ರೀತಿಯಲ್ಲಿ ತುಂಬಬಹುದು? ಮೂರು. ನಾಲ್ಕು ಮಾತ್ರೆಯನ್ನು? ಐದು. ಐದನ್ನು? ಎಂಟು. ಆರನ್ನು? ಹದಿಮೂರು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುತ್ತದೆ. ಪ್ರಪಂಚ ಇದನ್ನು ಫಿಬೊನಾಚಿ ಸಂಖ್ಯೆ ಅನ್ನುತ್ತದೆ. ಫಿಬೊನಾಚಿ ಅದನ್ನು ಬರೆದದ್ದು 1202ರಲ್ಲಿ. ಅದಕ್ಕೂ ಮೊದಲೇ, 12ನೇ ಶತಮಾನದಲ್ಲಿ, ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕ ಮಾಡುತ್ತಾ ಇದೇ ನಿಯಮ ಹೇಳಿದ್ದ. ಪ್ರಸ್ತಾರ ಹಾಕುವಾಗ ನಿದ್ದೆ ಮಾಡುವ ಮಕ್ಕಳು ಈ ಲೆಕ್ಕಕ್ಕೆ ಎದ್ದು ಕೂರುತ್ತಾರೆ. ನಾನು ನೋಡಿದ್ದೇನೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದೇಶದಾದ್ಯಂತ ತಡೆ ಹಾಕಿತು. ಈ ಬಗ್ಗೆ ಶಾಲೆಗಳಲ್ಲಿ ಕಿರುನಾಟಕ ಮಾಡುತ್ತಾರೆ. ನೋಡುವವರ ಕಣ್ಣಲ್ಲಿ ನೀರು ಬರುತ್ತದೆ. ಬರಲೇಬೇಕು, ಅಷ್ಟು ದೊಡ್ಡ ನೋವು ಅದು. ಆದರೆ ಅದೇ ನಾಟಕ ಇನ್ನೊಂದು ಹೆಜ್ಜೆ ಇಡಲಿ. ಮೇಲಿಂದ ಸುರಿದದ್ದು ಗಾಳಿಗೆ ಎಲ್ಲಿ ಹೋಯಿತು? ಗುಡ್ಡದ ಮುರಕಲ್ಲಿನಲ್ಲಿ ಮಳೆನೀರು ಹೇಗೆ ಇಳಿಯುತ್ತದೆ? ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ನಾವು ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಮನೆಯಲ್ಲಿ ಸುರಂಗ ಇರುವ ಮಕ್ಕಳು ವಾರಕ್ಕೊಮ್ಮೆ ಒಂದು ಬಕೆಟ್ ತುಂಬಲು ಎಷ್ಟು ನಿಮಿಷ ಬೇಕು ಎಂದು ಬರೆದಿಡಲಿ. ಮಳೆ ನಿಂತು ಎಷ್ಟು ವಾರಕ್ಕೆ ಹರಿವು ಇಳಿಯಿತು ಎಂದು ನೋಡಲಿ. ಆ ಲೆಕ್ಕ ಕೈಯಲ್ಲಿ ಹಿಡಿದು ರಂಗಕ್ಕೆ ಬಂದ ಮಗುವಿನ ಮಾತಿಗೆ ತೂಕ ಬೇರೆ. ನಾಳೆ ಇನ್ನೊಬ್ಬರು ಬಂದು "ಇದರಿಂದ ಏನೂ ಆಗುವುದಿಲ್ಲ" ಎಂದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಆ ಮಗುವಿಗೆ ಇರುತ್ತದೆ.

ಸ್ಪರ್ಧೆಯ ಪಾಯಿಂಟಿನ ಬಗ್ಗೆ ಕೇಳುತ್ತೀರಿ, ಗೊತ್ತು. ಎ ಗ್ರೇಡ್, ಗ್ರೇಸ್ ಮಾರ್ಕು, ಅಪೀಲು ಎಲ್ಲ ಇರಲಿ, ಅದಕ್ಕೆ ತಯಾರಿ ಮಾಡಿ. ಯಕ್ಷಗಾನ ತಂಡಕ್ಕೆ ವೇಷಭೂಷಣದ ಬಾಡಿಗೆ, ಹಿಮ್ಮೇಳದ ಖರ್ಚು ಎಷ್ಟು ಭಾರ ಅಂತ ಪಿಟಿಎಯವರಿಗೆ ನಾನು ಹೇಳಬೇಕಾಗಿಲ್ಲ. ನಾನು ಹೇಳಿದ ಯಾವುದಕ್ಕೂ ಹೊಸ ಖರ್ಚಿಲ್ಲ. ಹತ್ತನೆಯವರಿಗೆ ಎಸ್‌ಎಸ್‌ಎಲ್‌ಸಿ ಇದೆ, ಎಂಟು ಮತ್ತು ಒಂಬತ್ತರ ಮಕ್ಕಳಿಂದ ಶುರು ಮಾಡಿ. ತಿಂಗಳಿಗೆ ಒಂದು ಮಧ್ಯಾಹ್ನ ಸಾಕು. ವಿಜ್ಞಾನ, ಕನ್ನಡ, ಗಣಿತದ ಅಧ್ಯಾಪಕರು ಮೂವರೂ ಒಟ್ಟಿಗೆ ಕೂರಬೇಕು, ಅದೊಂದೇ ಕಷ್ಟದ ಭಾಗ. ಶಾಲೆಯ ಐಟಿ ಕ್ಲಬ್ ಆದ ಲಿಟ್ಲ್ ಕೈಟ್ಸ್ ಮಕ್ಕಳು ರೆಕಾರ್ಡ್ ಮಾಡಲಿ. ಫೆಬ್ರವರಿ 28ಕ್ಕೆ ಊರವರನ್ನು ಕರೆದು ಆರ್ಯಭಟ–ಬ್ರಹ್ಮಗುಪ್ತರ ಕೂಟ ನಡೆಸಿ. ಮದ್ದಳೆಗೆ ಜನ ಸಿಗದಿದ್ದರೆ ನಾನೇ ಬರುತ್ತೇನೆ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಅದಕ್ಕೆ ಮೊದಲು ಒಂಬತ್ತನೇ ತರಗತಿಯಿಂದ ನಾಲ್ಕು ಜನ ಮುಂದೆ ಬನ್ನಿ. ಅಡುಗೆಯವರಲ್ಲಿ ಕೇಳಿ ಒಂದು ಸ್ಟೀಲ್ ಬೋಗುಣಿ, ಒಂದು ಹಿಡಿ ರವೆ ತನ್ನಿ. ಬಲೂನು ನನ್ನ ಚೀಲದಲ್ಲಿದೆ. ಬೋಗುಣಿಗೆ ಬಲೂನು ಬಿಗಿದು, ರವೆ ಉದುರಿಸಿ, ಹತ್ತಿರ ಸ್ಪೀಕರ್ ಇಟ್ಟು ಸ್ವರ ಏರಿಸೋಣ. ಆಮೇಲೆ ನಡುವೆ ಸ್ವಲ್ಪ ಕಲಸಿದ ಹಿಟ್ಟು ಮೆತ್ತಿ ಇನ್ನೊಮ್ಮೆ ನೋಡೋಣ. ಎರಡೂ ಸಲ ರವೆ ಎಲ್ಲಿ ನಿಂತಿತು ಎಂದು ಬೋರ್ಡಿನಲ್ಲಿ ಚಿತ್ರ ಬಿಡಿಸುವವರು ಯಾರು?