ಕೈಗೊಡಲಿ ಹಿಡಿಯುವ ಮುನ್ನ ಮಂಡಿಯೂರಿ

ಕೇಳುಗರೆಲ್ಲರಿಗೂ ನಮಸ್ಕಾರ. ಡೇರೆ ಹೂಡಿ ಒಂದೆರಡು ರಾತ್ರಿ ಬಯಲಿನಲ್ಲಿ ಕಳೆಯಲು ಹೊರಟವರು ಬೆನ್ನಚೀಲದಲ್ಲಿ ಒಯ್ಯಬಹುದಾದ ಹಗುರವಾದ ಕೈಗೊಡಲಿಯನ್ನು ಹೇಗೆ ಆರಿಸಿಕೊಳ್ಳಬೇಕು, ಹೇಗೆ ಬಳಸಬೇಕು ಎಂಬುದನ್ನು ಕುರಿತು ಮಾತನಾಡುವಂತೆ ನನಗೆ ಹೇಳಿದ್ದಾರೆ. ಆರಿಸುವುದು ಮೊದಲು, ಬಳಸುವುದು ಆಮೇಲೆ ಎಂಬುದು ಕ್ರಮ. ಆದರೆ ಈ ಹತ್ತು ನಿಮಿಷಗಳಲ್ಲಿ ನಾನು ಹೇಳುವುದರಲ್ಲಿ ಮಿಕ್ಕದ್ದೆಲ್ಲ ಮರೆತುಹೋದರೂ ಉಳಿಯಬೇಕಾದ ಮಾತೊಂದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೈಗೊಡಲಿಯಿಂದ ಕಡಿಯುವಾಗ ನಿಂತುಕೊಳ್ಳಬೇಡಿ. ಮಂಡಿಯೂರಿ.

ಕಾರಣ ಬಹಳ ಸರಳವಾಗಿದೆ. ಮರ ಕಡಿಯುವ ದೊಡ್ಡ ಕೊಡಲಿಯ ಕಾವು 70ರಿಂದ 90 ಸೆಂಟಿಮೀಟರ್ ಉದ್ದವಿರುತ್ತದೆ. ನಿಂತು ಬೀಸಿದಾಗ ಏಟು ತಪ್ಪಿದರೆ, ಅದರ ಅಲಗು ಕಾಲಿಗಿಂತ ಮುಂದೆ, ನೆಲಕ್ಕೆ ಹೋಗಿ ನಾಟುತ್ತದೆ. ಕೈಗೊಡಲಿಯ ಕಾವಾದರೋ 25ರಿಂದ 40 ಸೆಂಟಿಮೀಟರ್ ಮಾತ್ರ. ಅದು ನೆಲವನ್ನು ಮುಟ್ಟಲಾರದು. ಗುರಿ ತಪ್ಪಿದ ಅಲಗು ಗಾಳಿಯಲ್ಲಿ ಕಮಾನಿನಂತೆ ಬಾಗಿ ಹಿಂದಕ್ಕೆ ಬರುತ್ತದೆ. ಬರುವ ದಾರಿಯಲ್ಲಿ ನಿಮ್ಮ ಮೊಣಕಾಲೋ ಕಣಕಾಲೋ ಇರುತ್ತದೆ. ಚಿಕ್ಕದಾಗಿರುವುದರಿಂದ ಅಪಾಯವೂ ಚಿಕ್ಕದು ಎಂದು ಜನ ಎಣಿಸುತ್ತಾರೆ. ಚಿಕ್ಕದಾಗಿರುವುದರಿಂದಲೇ ಅದು ನಿಮ್ಮ ಕಾಲನ್ನು ಹುಡುಕಿಕೊಂಡು ಬರುತ್ತದೆ.

ಈ ಪಾಠವನ್ನು ನಾನು ಓದಿ ಕಲಿತದ್ದಲ್ಲ. ಹರೆಯದ ದಿನಗಳಲ್ಲಿ, ಅದು ನನ್ನ ಮೂರನೆಯ ಶಿಬಿರವಿರಬೇಕು, ಮಧ್ಯಾಹ್ನವೆಲ್ಲ ಸುರಿದ ಮಳೆ ಸಂಜೆಯ ಹೊತ್ತಿಗೆ ನಿಂತಿತ್ತು. ನಾವು ಆರು ಮಂದಿ ನಡುಗುತ್ತ ಕುಳಿತಿದ್ದೆವು. ಬಿದ್ದ ಕೊಂಬೆಗಳ ಹೊರಮೈ ತೊಯ್ದಿದ್ದರೂ ಸೀಳಿದರೆ ಒಳಗಿನ ಕಟ್ಟಿಗೆ ಒಣಗಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಎಲ್ಲರೆದುರು ತೋರಿಸಬೇಕೆಂಬ ಉಮೇದೂ ಇತ್ತು, ಏಕೆಂದರೆ ಆ ಗುಂಪಿನಲ್ಲಿ ಹೊಸ ಕೈಗೊಡಲಿ ಇದ್ದದ್ದು ನನ್ನೊಬ್ಬನ ಬಳಿ. ತೋಳಿನ ಗಾತ್ರದ ಕೊಂಬೆಯೊಂದನ್ನು ಬಂಡೆಗೆ ಒರಗಿಸಿ, ಎಡಗಾಲಿನಿಂದ ಅದುಮಿ ಹಿಡಿದು, ನಿಂತಲ್ಲಿಂದಲೇ ಬೀಸತೊಡಗಿದೆ. ಈ ಒಂದೇ ವಾಕ್ಯದಲ್ಲಿ ಎಷ್ಟು ತಪ್ಪುಗಳಿವೆ ಎಂಬುದನ್ನು ಬಲ್ಲವರು ಈಗಾಗಲೇ ಎಣಿಸಿರುತ್ತಾರೆ. ನಾಲ್ಕನೆಯ ಏಟು ಗಂಟೊಂದಕ್ಕೆ ತಾಗಿ ಜಾರಿತು. ಬೂಟಿನ ತೊಗಲು ಸೀಳಿತು, ಒಳಗಿನ ಕಾಲುಚೀಲ ಸೀಳಿತು, ಕಣಕಾಲಿನ ಮೇಲೆ ಬೆರಳುದ್ದದ ಕೆಂಪು ಗೆರೆಯೊಂದು ಮೂಡಿತು. ಬೂಟು ಅಷ್ಟು ದಪ್ಪವಿರದಿದ್ದರೆ ಮೂಳೆಯೇ ಕಾಣುತ್ತಿತ್ತು.

ಶಿಬಿರವನ್ನು ನಡೆಸುತ್ತಿದ್ದ ಹಿರಿಯರು ಬೈಯಲಿಲ್ಲ. ಗಾಯವನ್ನು ತೊಳೆದು ಪಟ್ಟಿ ಕಟ್ಟಿದರು. ಕೈಗೊಡಲಿಗೆ ತೊಗಲಿನ ಒರೆಯನ್ನು ತೊಡಿಸಿ, ಗುಂಡಿ ಹಾಕಿ, ಮತ್ತೆ ನನ್ನ ಕೈಗೇ ಕೊಟ್ಟರು. “ಏಳಪ್ಪ, ಆಗ ಹೇಗೆ ನಿಂತಿದ್ದೆಯೋ ಹಾಗೇ ನಿಲ್ಲು. ಎದುರಿಗೆ ಕಟ್ಟಿಗೆ ಇಲ್ಲ ಅಂದುಕೊಂಡು ನಿಧಾನವಾಗಿ ಕೊನೆಯವರೆಗೂ ಬೀಸು” ಎಂದರು. ಬೀಸಿದೆ. ಒರೆ ಬಂದು ಪಟ್ಟಿಯ ಪಕ್ಕಕ್ಕೇ ತಾಗಿತು. “ಇನ್ನೊಂದು ಸಲ” ಎಂದರು. ಕಾಲನ್ನು ಸ್ವಲ್ಪ ಸರಿಸಿ ಬೀಸಿದೆ. ಈ ಸಲ ಮೊಣಕಾಲಿನ ಚಿಪ್ಪಿಗೆ ತಾಗಿತು. ಹೀಗೆ ಹತ್ತು ಸಲ ಮಾಡಿಸಿದರು. ಒಂದು ಸಲವೂ ಅದು ನೆಲಕ್ಕೆ ಹೋಗಲಿಲ್ಲ. ಆಮೇಲೆ ಮಂಡಿಯೂರಿಸಿದರು. ಮಂಡಿಗಳ ನಡುವೆ ಅಂತರ ಬಿಡಿಸಿ, ನನ್ನ ತೋಳು ಚಾಚಿದಷ್ಟು ದೂರದಲ್ಲಿ ದಪ್ಪ ದಿಮ್ಮಿಯೊಂದನ್ನು ಇಟ್ಟು, ಅದರ ಪಕ್ಕಕ್ಕೆ ಬೇಕೆಂತಲೇ ಗುರಿ ತಪ್ಪಿಸಿ ಬೀಸುವಂತೆ ಹೇಳಿದರು. ಒರೆ ಧೊಪ್ಪನೆ ಹಸಿ ಮಣ್ಣಿಗೆ ಬಡಿಯಿತು. “ಈಗ ನಿನ್ನ ಕಣಕಾಲು ಎಲ್ಲಿದೆ?” ಎಂದು ಕೇಳಿದರು. “ಹಿಂದೆ ಇದೆ” ಎಂದೆ. “ಅಲ್ಲೇ ಇರಲಿ” ಎಂದು ಹೇಳಿ, ಒದ್ದೆ ಸೌದೆಯನ್ನು ಊದಿ ಊದಿ ಕಣ್ಣೀರಿಡುತ್ತಿದ್ದ ಉಳಿದ ನಾಲ್ವರ ಕಡೆಗೆ ನಡೆದರು.

ನೀವೂ ಇಂದೇ ಇದನ್ನು ಮಾಡಿ ನೋಡಬಹುದು. ಒರೆಯನ್ನು ಭದ್ರವಾಗಿ ತೊಡಿಸಿ, ನಿಂತು ಒಮ್ಮೆ, ಮಂಡಿಯೂರಿ ಒಮ್ಮೆ ನಿಧಾನವಾಗಿ ಬೀಸಿ. ನನ್ನ ಭಾಷಣಕ್ಕಿಂತ ಚೆನ್ನಾಗಿ ಅದು ತಿಳಿಸಿಕೊಡುತ್ತದೆ.

ಕಥೆಗೆ ಹೆಚ್ಚು ಹೊತ್ತು ಹಿಡಿಯಿತು. ಆರಿಸುವ ವಿಚಾರಕ್ಕೆ ಬರುತ್ತೇನೆ. ನನ್ನನ್ನು ಭೇಟಿಯಾಗುವ ಹತ್ತು ಜನರಲ್ಲಿ ಒಂಬತ್ತು ಮಂದಿ ಕೇಳುವುದು ಒಂದೇ ಪ್ರಶ್ನೆ: ಎಲ್ಲಕ್ಕಿಂತ ಹಗುರವಾದದ್ದು ಯಾವುದು? ಅದು ತಪ್ಪು ಪ್ರಶ್ನೆ. ಹೊರಲು ಹಗುರವಾಗಿದ್ದರೆ ಸಾಲದು, ಕಡಿಯಲು ತೂಕವೂ ಬೇಕು. ತಲೆ ತೀರ ಹಗುರವಾದರೆ ನೀವು ಬಲವನ್ನೆಲ್ಲ ಹಾಕಿ ಬೀಸಬೇಕಾಗುತ್ತದೆ, ಬಲ ಹಾಕಿದಷ್ಟೂ ಗುರಿ ತಪ್ಪುತ್ತದೆ, ಗುರಿ ತಪ್ಪಿದ ಅಲಗು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಗಲೇ ಹೇಳಿದ್ದೇನೆ. ತಲೆಯೊಂದೇ 500ರಿಂದ 600 ಗ್ರಾಂ, ಕಾವು ಸುಮಾರು 35 ಸೆಂಟಿಮೀಟರ್, ಎಲ್ಲ ಸೇರಿ 800 ಗ್ರಾಂ ಆಸುಪಾಸು ಇರುವುದನ್ನು ಕೊಳ್ಳಿ. ಅಷ್ಟು ಹೊರಲಾರದವರು ಕೈಗೊಡಲಿಯನ್ನು ಬಿಟ್ಟು ಮಡಚುವ ಗರಗಸವೊಂದನ್ನು ಒಯ್ಯುವುದೇ ಲೇಸು. ಅದರಲ್ಲಿ ಅವಮಾನವೇನೂ ಇಲ್ಲ.

ಮರದ ಕಾವಾದರೆ ಅದರ ಕೆಳತುದಿಯನ್ನು ತಿರುಗಿಸಿ ನೋಡಿ. ಅಲ್ಲಿ ಕಾಣುವ ಮರದ ಬೆಳವಣಿಗೆಯ ಗೆರೆಗಳು ಅಲಗು ಇರುವ ದಿಕ್ಕಿನಲ್ಲೇ ಸಾಗಿರಬೇಕು, ಅಡ್ಡಲಾಗಿರಬಾರದು. ಅಡ್ಡವಿದ್ದರೆ ಏಟಿನ ಹೊಡೆತಕ್ಕೆ ಕಾವು ಸೀಳುತ್ತದೆ. ಹಿಕರಿ ಮತ್ತು ಆ್ಯಶ್ ಮರಗಳ ಕಾವುಗಳಿಗೆ ಹೆಸರು ಬಂದಿರುವುದು ಅವು ಹೊಡೆತವನ್ನು ತಾಳಿಕೊಳ್ಳುವುದರಿಂದ. ಕೊಡಲಿ ಕಾವು ಕುಲಕ್ಕೆ ಸಾವು ಎಂದು ಗಾದೆ ಹೇಳುತ್ತದೆ. ಕೆಟ್ಟ ಕಾವು ಕುಲವನ್ನು ಬಿಟ್ಟು ಹಿಡಿದವನ ಕಡೆಗೇ ತಿರುಗುತ್ತದೆ. ತಲೆಯಿಂದ ಹಿಡಿಯವರೆಗೆ ಒಂದೇ ಉಕ್ಕಿನಲ್ಲಿ ಮಾಡಿದ ಕೈಗೊಡಲಿಯಲ್ಲಿ ತಲೆ ಸಡಿಲವಾಗುವ ಭಯವಿಲ್ಲ, ಆದರೆ ಪ್ರತಿ ಏಟೂ ಮಣಿಕಟ್ಟಿಗೆ ಜುಮ್ಮೆನ್ನಿಸುತ್ತದೆ. ಮರದ ಕಾವಿನ ತಲೆ ಅಲುಗಾಡಿದರೆ ನೀರಿನಲ್ಲಿ ನೆನೆಸಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೆನೆದು ಉಬ್ಬಿದ ಕಾವು ಒಣಗಿದಾಗ ಮೊದಲಿಗಿಂತ ಹೆಚ್ಚು ಸೊರಗುತ್ತದೆ. ಬೆಣೆಯನ್ನು ಬಡಿದು ಬಿಗಿಗೊಳಿಸಿ. ಬಿಗಿಯಾಗುವವರೆಗೆ ಅದು ಒರೆಯಲ್ಲೇ ಇರಲಿ.

ಅಲಗಿನ ವಿಷಯ. ಅಂಗಡಿಯಿಂದ ತಂದ ಕೈಗೊಡಲಿ ಎಷ್ಟೋ ಸಲ ಮೊಂಡಾಗಿಯೇ ಬಂದಿರುತ್ತದೆ. ಕಾಗದದ ಅಂಚನ್ನು ಹರಿಯದೆ ಕೊಯ್ಯುವಷ್ಟು ಅದನ್ನು ಹರಿತಗೊಳಿಸಿ. ಮೊದಲು ಅರದಿಂದ, ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ; ಆಮೇಲೆ ಸಾಣೆಕಲ್ಲನ್ನು ಸಣ್ಣ ಸುತ್ತುಗಳಲ್ಲಿ ಉಜ್ಜಿ. ಅಲಗಿನ ಎರಡು ಬದಿಗಳು ಕೂಡುವ ಕೋನ 25ರಿಂದ 30 ಡಿಗ್ರಿ ಇದ್ದರೆ ಸೌದೆಯ ಕೆಲಸಕ್ಕೆ ಸರಿಹೋಗುತ್ತದೆ. ಮೊಂಡ ಅಲಗು ಕಟ್ಟಿಗೆಯನ್ನು ಕಚ್ಚದೆ ಪುಟಿಯುತ್ತದೆ, ಪುಟಿದದ್ದು ಜಾರುತ್ತದೆ. ಆಗ ನೀವು ನಿಂತಿದ್ದೀರೋ ಮಂಡಿಯೂರಿದ್ದೀರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬಳಕೆಯನ್ನು ಚುರುಕಾಗಿ ಹೇಳಿ ಮುಗಿಸುತ್ತೇನೆ. ಎದುರಿನ ಗಡಿಯಾರ ನನ್ನನ್ನೇ ನೋಡುತ್ತಿದೆ. ಮುಂಗೈ ಗಾತ್ರಕ್ಕಿಂತ ದಪ್ಪವಾದುದನ್ನು ಗರಗಸಕ್ಕೆ ಬಿಡಿ. ನೇರವಾಗಿ ಅಡ್ಡಕ್ಕೆ ಕಡಿಯದೆ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಓರೆಯಾಗಿ ಕಡಿದರೆ ಚಕ್ಕೆಗಳು ತಾವಾಗಿಯೇ ಎದ್ದುಬರುತ್ತವೆ. ಸಣ್ಣ ಪುಳ್ಳೆಗಳನ್ನು ಸೀಳಲು ಬೀಸುವ ಅಗತ್ಯವೇ ಇಲ್ಲ. ಅಲಗನ್ನು ಕಟ್ಟಿಗೆಯ ಮೇಲೆ ಒರಗಿಸಿ, ಎರಡನ್ನೂ ಒಟ್ಟಿಗೆ ಎತ್ತಿ, ಎರಡನ್ನೂ ಒಟ್ಟಿಗೆ ದಿಮ್ಮಿಗೆ ಕುಕ್ಕಿ; ಕಟ್ಟಿಗೆ ತಾನೇ ಬಿಚ್ಚಿಕೊಳ್ಳುತ್ತದೆ. ಕೊರೆಯುವ ಚಳಿಯಲ್ಲಿ, ನೀರು ಹೆಪ್ಪುಗಟ್ಟುವಂಥ ಕಡೆ, ಮೊದಲ ಏಟಿಗೆ ಮುನ್ನ ಅಲಗನ್ನು ಅಂಗೈಯ ಬಿಸಿಯಲ್ಲಿ ಜಾಗರೂಕತೆಯಿಂದ ಬೆಚ್ಚಗೆ ಮಾಡಿ, ಇಲ್ಲವಾದರೆ ಉಕ್ಕು ಮುಕ್ಕಾಗಬಹುದು. ಬೀಸುವ ಮುನ್ನ ತೋಳು ಮತ್ತು ಕೊಡಲಿ ಎರಡನ್ನೂ ಚಾಚಿ ಸುತ್ತ ಒಂದು ವೃತ್ತ ಎಳೆದುಕೊಳ್ಳಿ. ಅದರೊಳಗೆ ಮನುಷ್ಯರಾಗಲಿ, ತಲೆಯ ಮೇಲೆ ತಡೆಯುವ ಕೊಂಬೆಯಾಗಲಿ ಇರಬಾರದು. ಕೆಲಸ ಮುಗಿದಾಗ ಕೊಡಲಿಯನ್ನು ದಿಮ್ಮಿಗೆ ನಾಟಿಸಿ ಎದ್ದು ಹೋಗುವ ಅಭ್ಯಾಸ ನೋಡಲು ಚೆಂದ, ಆದರೆ ಕತ್ತಲಲ್ಲಿ ಅದರ ಮೇಲೆ ಎಡವಿ ಬೀಳುವವರು ನೀವೇ. ಮಂಡಿಯೂರಿದ್ದಲ್ಲೇ ಅಲಗನ್ನು ಒರೆಸಿ, ಅಲ್ಲೇ ಒರೆ ತೊಡಿಸಿ, ಗುಂಡಿ ಹಾಕಿ, ಅದಾದ ಮೇಲೆ ಏಳಿ. ನಮಸ್ಕಾರ.